ಬಾರಿಸಿ ಕೊಟ್ಟ ಕಾರ್ಡು

ಬಳೆಗಾರ ದಾದೇಸಾಬರು ಗಾಜಿನ ಬಳೆಯನ್ನು ಸುಮ್ಮನೆ ಯಾರ ಕೈಗೂ ಏರಿಸಿದವರಲ್ಲ. ಎರಡು ಬಳೆ ಬೆರಳಿಗೆ ಸಿಕ್ಕಿಸಿ, ಗಿರಾಕಿಯ ಕಿವಿಯ ಹತ್ತಿರ ಒಂದಕ್ಕೊಂದು ತಾಗಿಸಿ ಬಾರಿಸುತ್ತಾರೆ. ಒಡಕು ಬಳೆಯ ದನಿ ಬೇರೆ, ಗಟ್ಟಿ ಬಳೆಯ ದನಿ ಬೇರೆ. "ಕೇಳ್ರಿ ಅವ್ವಾರ, ಆಮ್ಯಾಲ ತೊಡ್ರಿ" ಎನ್ನುತ್ತಾರೆ. ಗೋಕಾಕದ ನಮ್ಮ ಓಣಿಯಲ್ಲಿ ಅವರಿಂದ ಬಳೆ ಇಡಿಸಿಕೊಂಡು ಮೋಸ ಹೋದೆ ಎಂದ ಹೆಂಗಸನ್ನು ನಾನು ಕಂಡಿಲ್ಲ. ನಾನು ಶೈಲಾ, ಅದೇ ಓಣಿಯಲ್ಲಿ ಕುಪ್ಪಸ ಹೊಲಿಯುವವಳು. ಹೆಂಗಸರ ದೂರುಗಳೆಲ್ಲ ಮೊದಲು ನನ್ನ ಮಷಿನ್ನಿನ ಮುಂದೆಯೇ ಬಂದು ಬೀಳುತ್ತವೆ, ಆದ್ದರಿಂದ ಹೇಳುತ್ತಿದ್ದೇನೆ.

ದಾದೇಸಾಬರ ಮಗ ಜಾವೇದ ಬಳೆಯ ಪೆಟ್ಟಿಗೆ ಹೊರಲಿಲ್ಲ. ನನ್ನ ಅಂಗಡಿಯ ಬಾಜೂ ಮೊಬೈಲ್ ಅಂಗಡಿ ಇಟ್ಟ. ಆದರೆ ಅಪ್ಪನ ಚಾಳಿ ಮಗನನ್ನು ಬಿಡಲಿಲ್ಲ. ಗಲ್ಫಿನಲ್ಲಿರುವ ಮಂದಿಗೆ ಇಲ್ಲಿಂದ ಅಗ್ಗಕ್ಕೆ ಫೋನ್ ಹಚ್ಚುವ ಕಾರ್ಡುಗಳನ್ನು ಮೂಡಲಗಿಯ ಅಶೋಕ ಎಂಬ ಏಜೆಂಟ ತಂದುಕೊಡಲು ಶುರು ಮಾಡಿದ. ಕಾರ್ಡಿನ ಮೇಲೆ ಗಿಣಿಯ ಚಿತ್ರ, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ 'ಅರವತ್ತು ನಿಮಿಷ'. ಜಾವೇದ ಪ್ರತಿ ಕಾರ್ಡನ್ನೂ ಗಿರಾಕಿಯ ಎದುರಿಗೇ ಕೆರೆದು, ನಂಬರು ಒತ್ತಿ, ಆ ಕಡೆ ಒಮ್ಮೆ "ಹಲೋ" ಅನ್ನಿಸಿ ಕೇಳಿಸಿಯೇ ಕೊಡುತ್ತಿದ್ದ. "ಬಾರಿಸಿ ಕೊಟ್ಟೇನಿ ನೋಡ್ರಿ, ಒಡಕಿಲ್ಲ" ಎಂದು ನಗುತ್ತಿದ್ದ. ಮಂದಿ ಆ ಕಾರ್ಡನ್ನು ಮನೆಗೆ ಒಯ್ದು ಅಕ್ಕಿ ಡಬ್ಬಿಯಲ್ಲೋ ಟ್ರಂಕಿನಲ್ಲೋ ಜೋಪಾನ ಮಾಡುತ್ತಿದ್ದರು. ಹಬ್ಬಕ್ಕೆ ಬೇಕು, ಹೆರಿಗೆಗೆ ಬೇಕು, ಕಷ್ಟಕ್ಕೆ ಬೇಕು. ತುಪ್ಪವನ್ನು ದಿನಾ ತಿನ್ನುವ ಮಂದಿಯಲ್ಲ ನಾವು.

ಹಾಗೆ ಜೋಪಾನವಾಗಿದ್ದ ಒಂದು ಕಾರ್ಡಿನ ಮೇಲೆಯೇ ಜಾವೇದನ ತಂಗಿ ಫರೀನಳ ಮದುವೆ ನಿಂತಿತ್ತು.

ಫರೀನ ಬಿ.ಕಾಂ. ಓದುತ್ತ ಸಂಜೆಗೆ ನನ್ನ ಹತ್ತಿರ ಹೊಲಿಗೆ ಕಲಿತವಳು. ವರ ಹುಕ್ಕೇರಿಯ ನಸೀಮಾಬಿಯ ಒಬ್ಬನೇ ಮಗ ಮೌಲಾಲಿ, ಗಲ್ಫಿನ ಎಣ್ಣೆ ಕಾರ್ಖಾನೆಯಲ್ಲಿ ವೆಲ್ಡರ್. ಮದುವೆಗೆ ಬರಬೇಕಾದವನ ರಜೆ ಕಡೆ ಗಳಿಗೆಯಲ್ಲಿ ರದ್ದಾಯಿತು. ಮದುವೆಯ ಮಾರನೆಯ ದಿನವೇ ಅವನ ಗುಂಪನ್ನು ಸಮುದ್ರದೊಳಗಿನ ಎಣ್ಣೆ ಬಾವಿಗೆ ಕಳಿಸುವವರಿದ್ದರು. ಅಲ್ಲಿಗೆ ಹೋದರೆ ತಿಂಗಳುಗಟ್ಟಲೆ ಫೋನಿಲ್ಲ. ಹಿರಿಯರು ಕೂತು ಮಾತಾಡಿದರು. ಖಾಜಿಗಳು ಒಂದು ದಾರಿ ತೋರಿಸಿದರು: ಹುಡುಗನ ಪರವಾಗಿ ಅವನ ಕಾಕಾ ನಿಕಾಹ್ ಒಪ್ಪಬಹುದು, ಆದರೆ "ಕಾಕಾನಿಗೆ ಆ ಹಕ್ಕು ಕೊಟ್ಟೇನಿ" ಎಂಬ ಮಾತು ಹುಡುಗನ ಬಾಯಿಂದಲೇ ಬರಬೇಕು, ಸಾಕ್ಷಿಗಳ ಕಿವಿಗೆ ಬೀಳಬೇಕು.

ಆ ಕಾರ್ಖಾನೆಯಲ್ಲಿ ಕ್ಯಾಮೆರಾ ಇರುವ ಫೋನು ಒಳಗೆ ಬಿಡುವುದಿಲ್ಲ. ಆ ದೇಶದಲ್ಲಿ ವಾಟ್ಸಾಪಿನ ಮಾತೂ ನಡೆಯುವುದಿಲ್ಲ. ಇದ್ದದ್ದು ಆಫೀಸಿನ ಒಂದು ಫೋನು, ಅದಕ್ಕೂ ಹೊರಗಿನಿಂದ ಕರೆ ಬರುತ್ತದೆಯೇ ಹೊರತು ಅಲ್ಲಿಂದ ಹಚ್ಚುವ ಹಾಗಿಲ್ಲ. ಊಟದ ಬಿಡುವಿನ ಒಂದು ತಾಸು ಅವನು ಫೋನಿನ ಹತ್ತಿರ ಬರಬಹುದು ಎಂದು ಮೇಸ್ತ್ರಿ ಒಪ್ಪಿದ್ದ. ನಮ್ಮಲ್ಲಿ ಅದು ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ. ಮದುವೆಯ ಸುದ್ದಿ ಮಾತಾಡಲು ಬೇಕಾದೀತೆಂದು ಜಾವೇದ ಎರಡು ವಾರ ಮೊದಲೇ ತಂಗಿಗಾಗಿ ಒಂದು ಗಿಣಿ ಕಾರ್ಡು ತೆಗೆದಿಟ್ಟಿದ್ದ. ರೂಢಿಯಂತೆ ಬಾರಿಸಿಯೂ ನೋಡಿದ್ದ. ಮೌಲಾಲಿ ಆ ಕಡೆ ಹಲೋ ಅಂದ. ಅಷ್ಟೇ, ಕಾರ್ಡು ಬೀರುವಿಗೆ ಹೋಯಿತು.

ಆ ಭಾನುವಾರ ದಾದೇಸಾಬರ ಮನೆಯ ಪಡಸಾಲೆಯಲ್ಲಿ ಹುಕ್ಕೇರಿಯ ಬೀಗರು, ಖಾಜಿ, ಸಾಕ್ಷಿಗಳು ಸುತ್ತಲೂ ಕೂತರು. ನಡುಮನೆಯಲ್ಲಿ ನಾವು ಹೆಂಗಸರು. ನಡುವಿನ ಬಾಗಿಲಿಗೆ ಒಂದು ಪರದೆ. ಫರೀನಳ ಒಪ್ಪಿಗೆಯನ್ನು ಸಾಕ್ಷಿಗಳು ಆಗಲೇ ಕೇಳಿಕೊಂಡು ಹೋಗಿದ್ದರು. ಅವಳ ಮೆಹಂದಿಯ ಕೈ ನನ್ನ ಕೈಯೊಳಗಿತ್ತು, ತಣ್ಣಗಿತ್ತು. ಜಾವೇದ ಫೋನಿನ ಸ್ಪೀಕರ್ ಹಾಕಿ, ದನಿ ದೊಡ್ಡದಾಗಲೆಂದು ಅದನ್ನು ಊಟದ ಖಾಲಿ ಗಂಗಾಳದಲ್ಲಿಟ್ಟು, ಕಾರ್ಡಿನ ನಂಬರು ಒತ್ತಿದ.

ಹಿಂದಿಯಲ್ಲಿ ಹೆಂಗಸಿನ ದನಿ ನಯವಾಗಿ ಹೇಳಿತು: "ನಿಮ್ಮ ಕಾರ್ಡಿನಲ್ಲಿ ಮೂರು ನಿಮಿಷ ಉಳಿದಿದೆ."

ಜಾವೇದ ಮುಖ ಎತ್ತಿದ್ದನ್ನು ಪರದೆಯ ಸಂದಿನಿಂದ ಕಂಡೆ.

"ಮೂರ?" ಎಂದರು ಮೌಲಾಲಿಯ ಕಾಕಾ.

"ಅರವತ್ತ ಇರಬೇಕ್ರಿ," ಎಂದ ಜಾವೇದ. "ನಾ ಮುಟ್ಟೇ ಇಲ್ಲ."

ಅಷ್ಟರಲ್ಲಿ ಆ ಕಡೆ ಫೋನು ಎತ್ತಿದರು. ಮೇಸ್ತ್ರಿ. "ಮೌಲಾಲಿ? ರುಕೋ" ಎಂದು ಫೋನು ಮೇಜಿನ ಮೇಲಿಟ್ಟು ಹೋದ. ಗಂಗಾಳದೊಳಗಿನಿಂದ ಯಂತ್ರಗಳ ಗುಂಯ್ ಎಂಬ ಸದ್ದು ಮಾತ್ರ ಬರತೊಡಗಿತು. ಸಮುದ್ರದಾಚೆಯ ಆ ಸದ್ದಿಗೆ ನಾವು ಹಣ ಕೊಡುತ್ತಿದ್ದೆವು. ಯಾರದೋ ಕೂಸು ಅತ್ತರೆ ಹತ್ತು ಮಂದಿ ತಿರುಗಿ ನೋಡಿದರು. ಬೇಗ ಬಾರೋ ಪುಣ್ಯಾತ್ಮ ಎಂದು ನಾನು ಹಲ್ಲು ಕಚ್ಚಿದೆ.

ಬೂಟುಗಳ ಸದ್ದು ಕೇಳಿತು. ಓಡಿಬಂದ ಏದುಸಿರು. "ಅಸ್ಸಲಾಮು ಅಲೈಕುಮ್!"

ಇಲ್ಲೇ ನಮ್ಮವರು ಎಡವಿದರು. ನಮ್ಮ ಕಡೆ ಹಿರಿಯರಿಗೆ ಸಲಾಮು ಬಂದರೆ ಯಾರೂ ಅದನ್ನು ಅರ್ಧಕ್ಕೆ ಬಿಡುವುದಿಲ್ಲ. ಕಾಕಾ ಸಲಾಮು ತಿರುಗಿಸಿದರು, ದಾದೇಸಾಬರು ತಿರುಗಿಸಿದರು, ಸಾಕ್ಷಿಗಳಿಬ್ಬರೂ ತಿರುಗಿಸಿದರು. ಹುಡುಗನೂ ಮರ್ಯಾದಸ್ಥ, ಒಬ್ಬೊಬ್ಬರ ಆರೋಗ್ಯವನ್ನೂ ವಿಚಾರಿಸಿದ. ಪರದೆಯ ಈಚೆಯಿಂದ ನಸೀಮಾಬಿ ತಡೆಯಲಾರದೆ ಕೂಗಿದಳು: "ಖಾನಾ ಖಾಯಾ ಕ್ಯಾ ಬೇಟಾ?" ಊಟ ಮಾಡಿದೆಯಾ ಮಗನೇ ಎಂದು.

"ಖಾಜಿಸಾಬ, ಮೊದಲ ನೀವ ಕೇಳ್ರಿ! ಟೈಮ್ ಹೋಗಾಕತ್ತೈತಿ!" ಜಾವೇದ ಕಿರುಚಿದ.

ಖಾಜಿ ಗಂಟಲು ಸರಿಮಾಡಿಕೊಂಡರು. ನಿಕಾಹಿನ ಮಾತನ್ನು ಅವಸರದಲ್ಲಿ ನುಂಗುವವರಲ್ಲ ಅವರು. ಗೋಕಾಕದ ದಾದೇಸಾಬರ ಮಗಳು ಫರೀನ ಎಂದು ಹೆಸರು ಹೇಳಿ, ಮೆಹರಿನ ಮೊತ್ತ ಹೇಳಿ, ಸಾಕ್ಷಿಗಳನ್ನು ಹೇಳಿ, ಕೊನೆಗೆ ಕೇಳಿದರು: "ಈ ನಿಕಾಹ್ ಒಪ್ಪಾಕ ನಿನ್ನ ಕಾಕಾಗ ಹಕ್ಕು ಕೊಟ್ಟಿಯೇನು?"

ಗಂಗಾಳದಿಂದ ಟುಂಯ್ ಎಂದು ಒಂದು ಸದ್ದು ಬಂತು. ಆಮೇಲೆ ಅದೂ ಇಲ್ಲ.

ಜಾವೇದ ಮತ್ತೆ ಒತ್ತಿದ. ಅದೇ ನಯವಾದ ದನಿ: ನಿಮ್ಮ ಕಾರ್ಡಿನಲ್ಲಿ ಹಣವಿಲ್ಲ.

ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹುಡುಗಿ ಅಣ್ಣನ ಅಂಗಡಿ ಕಾರ್ಡು, ಹೌದಿಲ್ಲೋ?" ಎಂದರು ಮೆಲ್ಲಗೆ. "ಅರವತ್ತು ಅಂತ ಹೇಳಿ ಮೂರು ಕೊಡಾಂವ. ಬೀಗರಿಗೇ ಹಿಂಗಾದ್ರ ಊರ ಮಂದಿಗೆ ಹೆಂಗೋ?"

"ಖರೆ ಹೇಳ್ತೇನಿ ಕಾಕಾ, ನಾ ಮೋಸ ಮಾಡಿಲ್ಲ."

"ಎರಡೂವರಿ ತನಕಾ ಕೂಡ್ತೇವಿ. ಹುಡುಗನ ಮಾತು ಬಂತಂದ್ರ ಮದುವಿ. ಇಲ್ಲಂದ್ರ ಹುಕ್ಕೇರಿ ಹಾದಿ ಹಿಡೀತೇವಿ. ಮುಂದಿಂದು ಮುಂದ ನೋಡೋಣ."

ಮುಂದಿನದು ಮುಂದೆ ಎಂದರೆ ಏನು ಅಂತ ನಡುಮನೆಯ ಎಲ್ಲ ಹೆಂಗಸರಿಗೂ ತಿಳಿಯಿತು. ಮದುವೆಯ ದಿನ ಬೀಗರು ಎದ್ದು ಹೋದ ಮನೆಯ ಹುಡುಗಿಗೆ ಆಮೇಲೆ ಏನೇನು ಹೆಸರು ಬೀಳುತ್ತದೆ ಎಂಬುದು ನನಗೂ ಗೊತ್ತು. ಫರೀನ ನನ್ನ ಕೈ ಬಿಟ್ಟಳು. ಅಳಲಿಲ್ಲ. "ಅಕ್ಕಾ, ಆ ಕಾರ್ಡು ಇಸ್ಕೊಂಡ ಬಾ" ಎಂದಳು.

ನಾನು ಪಡಸಾಲೆಗೆ ಹೋದಾಗ ಜಾವೇದ ಎರಡೂ ಕೈಯಲ್ಲಿ ಎರಡು ಫೋನು ಹಿಡಿದಿದ್ದ. ಒಂದರಲ್ಲಿ ತನ್ನ ಸಿಮ್ಮಿನಿಂದಲೇ ನೇರವಾಗಿ ಹೊರದೇಶಕ್ಕೆ ಹಚ್ಚುವ ಸೌಲಭ್ಯಕ್ಕೆ ದುಡ್ಡು ತುಂಬಿದ್ದ. ಚಾಲೂ ಆಗಲು ನಾಲ್ಕು ತಾಸು ಎಂದು ಮೆಸೇಜು ಬಂದಿತ್ತು. ಇನ್ನೊಂದರಲ್ಲಿ ಮೂಡಲಗಿಯ ಅಶೋಕ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

"ಹೊಸಾ ಸ್ಟಾಕ್ ಮಂಗಳವಾರ ಬರ್ತೈತಿ," ಎನ್ನುತ್ತಿದ್ದ ಅಶೋಕ. "ಈಗ ನನ್ನ ಹತ್ರ ಒಂದೂ ಇಲ್ಲ."

"ನನ್ನ ಅಂಗಡ್ಯಾಗೂ ಖಾಲಿ ಆಗ್ಯಾವ. ಅದಿರಲಿ, ಅರವತ್ತು ನಿಮಿಷ ಎಲ್ಲಿ ಹ್ವಾದೂ ಹೇಳ್ರಿ!"

"ಕಾರ್ಡಿನ ಹಿಂದ ಎಲ್ಲಾ ಬರದೈತಿ. ನೋಡಿಕೊಳ್ಳೂದು ನಿಮ್ಮ ಕೆಲಸ," ಎಂದು ಅವನು ಫೋನು ಇಟ್ಟ.

ಆಗ ಓಣಿಯ ಹೆಂಗಸರಿಗೆ ತಮ್ಮ ತಮ್ಮ ಕಾರ್ಡು ನೆನಪಾದವು. ಬೀದಿಯಲ್ಲಿ ಬೆಂಕಿ ಬಿದ್ದ ಹಾಗೆ ಓಡಿದರು. ಒಬ್ಬಳು ಟ್ರಂಕಿನಿಂದ ತಂದಳು, ಒಬ್ಬಳು ಗೋಡೆಯ ಪಟದ ಹಿಂದಿನಿಂದ. ಇನ್ನೊಬ್ಬಳ ಕಾರ್ಡಿಗೆ ಅಕ್ಕಿಯ ಹುಡಿ ಅಂಟಿಕೊಂಡಿತ್ತು. "ತಗೋಪಾ, ನಮ್ಮ ಫರೀನಗಿಂತ ಹೆಚ್ಚೇನು" ಎಂದು ಒಂದೊಂದಾಗಿ ಜಾವೇದನ ಮುಂದೆ ಇಟ್ಟರು. ಅವನು ಒಂದೊಂದನ್ನೇ ಒತ್ತಿದ. ಹಣವಿಲ್ಲ. ಹಣವಿಲ್ಲ. ಹಣವಿಲ್ಲ. ಆ ನಯವಾದ ದನಿಯ ಕೊರಳು ಹಿಡಿದು ಹಿಚುಕಬೇಕು ಎನ್ನಿಸಿತು ನನಗೆ.

"ನಾ ಒಂದ ಮಾತೂ ಆಡಿಲ್ಲ! ನೀ ಅಂಗಡ್ಯಾಗ ಹಲೋ ಅಂದಿದ್ದಷ್ಟ!" ಎಂದಳು ಅಕ್ಕಿ ಡಬ್ಬಿಯವಳು. ಅವಳ ಕಣ್ಣಲ್ಲಿ ಮೊದಲ ಸಲ ಜಾವೇದನ ಮೇಲೆ ಸಂಶಯ ಕಂಡೆ. ಅವನಿಗೂ ಕಂಡಿತು.

ನಡುಮನೆಯಲ್ಲಿ ಫರೀನ ಸತ್ತ ಕಾರ್ಡನ್ನು ಬೋರಲು ಹಾಕಿ, ತನ್ನ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಳು. ಕಾರ್ಡಿನ ಹಿಂಬದಿಯ ತಳದಲ್ಲಿ ಬೂದು ಬಣ್ಣದ ಒಂದು ಗೆರೆ ಇತ್ತು. ನಾವೆಲ್ಲ ಅದನ್ನು ಅಂಚಿನ ಗೆರೆ ಎಂದುಕೊಂಡಿದ್ದೆವು. ಅದು ಗೆರೆಯಲ್ಲ, ಇಂಗ್ಲಿಷ್ ಅಕ್ಷರಗಳ ಸಾಲು. ಇರುವೆ ಕೂಡ ಕನ್ನಡಕ ಹಾಕಿ ಓದಬೇಕು, ಅಷ್ಟು ಸಣ್ಣದು.

ಅವಳು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದಳು. ಮೊದಲ ಕರೆ ಮಾಡಿದ ದಿನದಿಂದ ದಿನಕ್ಕೆ ನಾಲ್ಕು ನಿಮಿಷ ನಿರ್ವಹಣೆಗೆಂದು ಕಡಿತ. ಮಾತಾಡಿದರೂ ಕಡಿತ, ಆಡದಿದ್ದರೂ ಕಡಿತ. ಮೊದಲ ಕರೆ ಮಾಡುವತನಕ ಕಡಿತವಿಲ್ಲ.

ಜಾವೇದ ತನ್ನ ಮುಂದಿನ ಕಾರ್ಡುಗಳ ರಾಶಿಯನ್ನು ನೋಡಿದ, ಅಪ್ಪನನ್ನು ನೋಡಿದ.

"ಅಬ್ಬಾ, ಎಲ್ಲಾ ನಾನ ಬಾರಿಸಿ ಕೊಟ್ಟೇನಿ," ಎಂದ. ದನಿ ಒಡೆದಿತ್ತು.

ದಾದೇಸಾಬರು ಮಗನ ಬೆನ್ನ ಮೇಲೆ ಕೈಯಿಟ್ಟರು. "ಬಳಿ ಬಾರಿಸಿದ್ರ ಸವೆಯೂದಿಲ್ಲ ಬೇಟಾ. ಇದು ಸವೀತೈತಿ ಅಂತ ನಿನಗ ಯಾರೂ ಹೇಳಲಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಳ್ಳ ಗೋಡೆ ಒಡೆದು ಬಂದಿದ್ದರೆ ಕೂಗಿ ಹಿಡಿಯಬಹುದಿತ್ತು. ಇವರು ನಮ್ಮ ಹುಡುಗನ ಪ್ರಾಮಾಣಿಕತನವನ್ನೇ ಕೀಲಿಕೈ ಮಾಡಿಕೊಂಡು ಒಳಗೆ ಬಂದಿದ್ದರು. ಆದರೆ ಸಿಟ್ಟಿಗೆ ಆಗ ಹೊತ್ತಿರಲಿಲ್ಲ. ಗೋಡೆಯ ಗಡಿಯಾರ ಎರಡು ದಾಟಿತ್ತು, ಕಾಕಾ ಆಗಲೇ ಚಪ್ಪಲಿಯ ಕಡೆ ನೋಡುತ್ತಿದ್ದರು.

"ಬಾರಿಸದ ಕಾರ್ಡು ಬೇಕು," ಎಂದಳು ಫರೀನ. "ಅಣ್ಣಾ, ಬಾರಿಸದನ ಯಾರಿಗರೆ ಕೊಟ್ಟಿಯೇನು?"

ಜಾವೇದ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಅವನ ಕಣ್ಣು, ನನ್ನ ಕಣ್ಣು, ಓಣಿಯ ಎಲ್ಲರ ಕಣ್ಣೂ ಒಟ್ಟಿಗೆ ನಡುಮನೆಯ ಮೂಲೆಗೆ ತಿರುಗಿದವು. ಅಲ್ಲಿ ಎದುರು ಮನೆಯ ಕಾಶೆವ್ವ ಎಲೆಯಡಿಕೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಕಾಶೆವ್ವ ಕಾರ್ಡು ಕೊಂಡ ದಿನ ಆದ ರಂಪ ಓಣಿಗೆಲ್ಲ ಗೊತ್ತು. ಜಾವೇದ ಕೆರೆಯಲು ಹೋದಾಗ ಕೈಗೆ ಹೊಡೆದಿದ್ದಳು. "ನನ್ನ ಕಾರ್ಡಿನ್ಯಾಗ ನೀ ಯಾಕ ಮಾತಾಡ್ತೀಯೋ? ನನ್ನ ಮಾತು ನಾ ಆಡ್ತೇನಿ!" ಎಂದು ಕಸಿದುಕೊಂಡು ಹೋಗಿದ್ದಳು. ಎಂಜಲ ಕೈಯಲ್ಲಿ ಕಾಗೆ ಓಡಿಸದವಳು ಎಂದು ನಾವು ತಿಂಗಳುಗಟ್ಟಲೆ ನಕ್ಕಿದ್ದೆವು.

ಎಲ್ಲರೂ ನೋಡುವುದನ್ನು ಕಂಡು ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. "ಇಲ್ಲ," ಎಂದಳು. "ಕೇಳಬ್ಯಾಡ್ರಿ."

"ಆಯಿ..." ಎಂದ ಜಾವೇದ ಪರದೆಯ ಆಚೆಯಿಂದ.

"ನನ್ನ ಮೊಮ್ಮಗಳು ಅನ್ನಪೂರ್ಣಾ ಗಲ್ಫಿನ ದವಾಖಾನ್ಯಾಗ ನರ್ಸ್ ಅದಾಳ. ದಿನಾ ತುಂಬ್ಯಾವ, ಇವತ್ತೋ ನಾಳೆಯೋ ಹಡೀತಾಳ. ಕೂಸು ಅಳೂದು ಕೇಳಬೇಕಂತ ಇಟ್ಟೇನಿ. ಮೊದಲನೇ ಅಳು. ಈಗ ಒಡದ್ರ ಕೊಯ್ತಾರಂತ ನೀವ ಓದಿ ಹೇಳಿದ್ರಿ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಗಡಿಯಾರದ ಮುಳ್ಳು ಮುಂದಕ್ಕೆ ಹೋಗುತ್ತಲೇ ಇತ್ತು. ಪಡಸಾಲೆಯಲ್ಲಿ ಯಾರೋ ಏಳುವ ಸದ್ದಾಯಿತು.

ಆಗ ನಸೀಮಾಬಿ ಎದ್ದು ಬಂದು ಕಾಶೆವ್ವನ ಮುಂದೆ ನೆಲಕ್ಕೆ ಕೂತಳು. ವರನ ತಾಯಿ, ಬೀಗಿತ್ತಿ. ಕೂತಲ್ಲೇ ಕೂತು ಮುಖ ತಿರುಗಿಸಬಹುದಿತ್ತು.

"ನೀವು ಮುಂಜಾನೆಯಿಂದ ನೋಡೀರಿ, ಈ ಹುಡುಗಿ ನನಗ ಮನಸಿಗೆ ಬಂದಾಳ," ಎಂದಳು. "ಮಂದಿ ಎದ್ದು ಹ್ವಾದ್ರ ಮತ್ತ ಕೂಡಸೂದು ನನ್ನ ಕೈಯಾಗಿಲ್ಲ. ನನ್ನ ಮಗಾ ಒಂದ ಮಾತು ಅಂದ್ರ ಸಾಕು. ಆ ಒಂದ ಮಾತಿಗಷ್ಟ ಕೊಡ್ರಿ. ನಾ ಬಾಯಿ ತೆಗ್ಯಾಂಗಿಲ್ಲ. ನಿಮ್ಮ ಕೂಸಿನ ಅಳು ನಾ ತಿನ್ನಾಂಗಿಲ್ಲ."

ಕಾಶೆವ್ವ ಅವಳನ್ನೇ ನೋಡಿದಳು. ಆಮೇಲೆ ಚೀಲದ ದಾರ ಎಳೆದಳು. ಅಡಿಕೆ, ಸುಣ್ಣದ ಡಬ್ಬಿ, ಭಂಡಾರದ ಪೊಟ್ಟಣ, ಅವುಗಳ ಕೆಳಗಿನಿಂದ ಗಿಣಿ ಹೊರಬಂತು. ಕೆರೆಯದ ಬೂದು ಪಟ್ಟಿ ಹಾಗೆಯೇ ಇತ್ತು.

"ಸಲಾಮು ಗಿಲಾಮು ಯಾರೂ ಮಾಡಬ್ಯಾಡ್ರಿ ಮತ್ತ!" ಎಂದು ಪರದೆಯತ್ತ ಗದರಿ, ತಾನೇ ಉಗುರಿನಿಂದ ಕೆರೆದು ಕೊಟ್ಟಳು.

ಎರಡೂವರೆಗೆ ಇನ್ನು ಸ್ವಲ್ಪವೇ ಉಳಿದಿತ್ತು. ಅವಸರದಲ್ಲಿ ಜಾವೇದ ಒಮ್ಮೆ ತಪ್ಪು ನಂಬರು ಒತ್ತಿದ. ಎರಡನೆಯ ಸಲ ನಯವಾದ ದನಿ ಅರವತ್ತು ಎಂದಿತು. ಆಮೇಲೆ ಬರೀ ಗೊರಗೊರ ಸದ್ದು, ಲೈನು ಕೂಡಲೊಲ್ಲದು. ಇನ್ನೂ ರಿಂಗೇ ಇಲ್ಲ. ಅಷ್ಟರಲ್ಲಿ ಬಿಡುವು ಮುಗಿದು ಮೌಲಾಲಿ ಹೋದನೇ? ಫರೀನ ಕಣ್ಣು ಮುಚ್ಚಿದ್ದಳು. ನಸೀಮಾಬಿ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು.

ಟಕ್ ಎಂದಿತು. "ಅಸ್ಸಲಾಮು..."

"ಸಲಾಮು ಬ್ಯಾಡ!" ಇಡೀ ಪಡಸಾಲೆ ಒಟ್ಟಿಗೆ ಕೂಗಿತು. ಖಾಜಿಗಳ ಮನೆತನದ ಇತಿಹಾಸದಲ್ಲಿ ಅಂಥ ಮಾತು ಅವರ ಕಿವಿಗೆ ಬಿದ್ದಿರಲಾರದು. ಅವರು ಒಂದೇ ಉಸಿರಿನಲ್ಲಿ ಪ್ರಶ್ನೆ ಕೇಳಿ ಮುಗಿಸಿದರು.

"ಕೊಟ್ಟೇನಿ," ಎಂದಿತು ಗಂಗಾಳ. "ನನ್ನ ಕಾಕಾಗ ಹಕ್ಕು ಕೊಟ್ಟೇನಿ. ಫರೀನಾನ್ನ ಒಪ್ಪೇನಿ."

ಸಾಕ್ಷಿಗಳು ಕೇಳಿದೆವು ಎಂದರು. ಕಾಕಾ ಟೋಪಿ ಹಾಕಿಕೊಂಡು, ಖಾಜಿ ಕೇಳಿದ್ದಕ್ಕೆ ಮೂರು ಸಲ ಕಬೂಲ್ ಎಂದರು. ಮೂರನೆಯ ಸಲ ಅವರ ದನಿಯೂ ಸಡಿಲಾಗಿತ್ತು. ದುವಾ ಆಯಿತು. ಕಾಕಾ ಎದ್ದು ಜಾವೇದನನ್ನು ಅಪ್ಪಿಕೊಂಡು, "ನನ್ನ ಮಾತು ಹೊಟ್ಟ್ಯಾಗ ಇಟಗೋಬ್ಯಾಡ" ಎಂದರು. ಸತ್ತ ಕಾರ್ಡುಗಳನ್ನೆಲ್ಲ ಜಾವೇದ ಕರವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದ.

"ಬಿಸಾಡಬ್ಯಾಡ ಅಣ್ಣಾ," ಎಂದಳು ಪರದೆಯ ಹಿಂದಿನಿಂದ ಮದುವೆಯಾದ ನಮ್ಮ ಹುಡುಗಿ. "ಅಷ್ಟೂ ಬೆಳಗಾವಿ ಗ್ರಾಹಕರ ಕೋರ್ಟಿಗೆ ಹೋಗಬೇಕು. ಅರ್ಜಿ ನಾ ಬರೀತೇನಿ."

"ಹಲೋ? ಹಲೋ?" ಗಂಗಾಳ ಇನ್ನೂ ಕೂಗುತ್ತಿತ್ತು. ಸಂತೋಷದಲ್ಲಿ ಅವನನ್ನು ಮರೆತೇಬಿಟ್ಟಿದ್ದೆವು. "ಆಗಳೂ ಹೇಳಿದ್ದೆ ನಾನು. ಕೊಟ್ಟೇನಿ ಅಂತ ಹೇಳಿ ಕಾಯ್ಕೋತ ನಿಂತೆ. ಯಾರೂ ಮಾತಾಡಲಿಲ್ಲ. ಹುಡುಗಿ ಬ್ಯಾಡ ಅಂದಳೇನೋ ಅಂತ... ಈ ಫೋನಿನ ಮುಂದನ ಕುಂತೇನಿ ಅವಾಗಿಂದ."

ಫರೀನ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ಕೇಳಲಿಲ್ಲ. ನನಗೆ ಅಳು ಬಂದಿದ್ದಂತೂ ಖರೆ.

"ಅಮ್ಮಾ ಎಲ್ಲಿ? ಅಮ್ಮಾ ಯಾಕ ಮಾತಾಡವಲ್ಲಳು?"

ನಸೀಮಾಬಿ ಸೆರಗು ಕಚ್ಚಿಕೊಂಡೇ ತಲೆಯಾಡಿಸಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಕಾಶೆವ್ವ ಪರದೆ ಸರಿಸಿ, ಗಂಡಸರ ನಡುವೆಯೇ ಹೋಗಿ ಗಂಗಾಳ ಎತ್ತಿಕೊಂಡು ಬಂದು ಅವಳ ಮುಂದೆ ಕುಕ್ಕಿದಳು. ತನ್ನ ಕೈಯಿಂದಲೇ ಸೆರಗನ್ನು ಅವಳ ಬಾಯಿಂದ ಎಳೆದು ತೆಗೆದಳು.

"ಮಾತಾಡ ಬೇ. ನಾಳೆ ಸಮುದ್ರಕ್ಕ ಹೊಂಟಾನ ನಿನ್ನ ಮಗಾ. ನನ್ನ ಕೂಸು ಇನ್ನೂ ಹೊಟ್ಟ್ಯಾಗ ಐತಿ, ಅದು ಕಾಯ್ತೈತಿ."

ನಸೀಮಾಬಿ ಗಂಗಾಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಏನೇನೋ ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಮೊದಲಿನ ಅದೇ ಮಾತು.

"ಖಾನಾ ಖಾಯಾ ಕ್ಯಾ ಬೇಟಾ?"

ಆ ಕಡೆ ಯಂತ್ರದ ಸದ್ದು. ಊಟದ ಬಿಡುವು ಮುಗಿದ ಗಂಟೆ ಬಾರಿಸಿದ್ದು ನಮಗೂ ಕೇಳಿತು.

"ಇಲ್ಲಮ್ಮಾ," ಎಂದ ಮಗ. "ಫೋನ್ ಬರ್ತೈತೇನೋ ಅಂತ ಕುಂತಿದ್ದೆ."